ಅವ್ವನ ಗಂಜಿಗೆ ನೀಲಿ ಬಿದ್ದ ದಿನ

ಟೀಚರ್ ಕೆಲಸಕ್ಕೆ ಸೇರಿದ ಮೂರನೇ ವಾರಕ್ಕೇ ನಾನು ಒಂದು ಮಗುವಿನ ಯೂನಿಫಾರಂ ತೂತು ಮಾಡಿದೆ.

ಮೊಟ್ಟೆಯ ಚಿಪ್ಪಿನ ಮೇಲೆ ಹುಳಿ ಬಿದ್ದರೆ ಗುಳ್ಳೆ ಏಳುತ್ತದೆ ಎಂದು ಒಂದನೇ ಕ್ಲಾಸಿನ ಮಕ್ಕಳಿಗೆ ತೋರಿಸಬೇಕಿತ್ತು. ನಿಂಬೆಹಣ್ಣು ಸಾಕಾಗಿತ್ತು. ಆದರೆ ಬಿ.ಎಸ್ಸಿ. ಮಾಡಿದವಳು ನಿಂಬೆಹಣ್ಣು ಹಿಡಿದುಕೊಂಡು ನಿಂತರೆ ಏನು ಚೆನ್ನ? ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಗೆಳತಿಯನ್ನು ಕಾಡಿ ಪುಟ್ಟ ಶೀಸೆಯಲ್ಲಿ ಆಸಿಡ್ ತಂದೆ. ಗುಳ್ಳೆ ಭರ್ಜರಿಯಾಗಿ ಎದ್ದವು. ಮಕ್ಕಳು ಚಪ್ಪಾಳೆ ಹೊಡೆದರು. ಒಂದೇ ಒಂದು ಹನಿ ಮುಂದಿನ ಬೆಂಚಿನ ಹುಡುಗಿಯ ಲಂಗದ ಅಂಚಿಗೆ ಹಾರಿದ್ದನ್ನು ನಾನು ಕಂಡೆ, ಸುಮ್ಮನಾದೆ. ಎರಡು ದಿನ ಬಿಟ್ಟು ಆ ಹುಡುಗಿಯ ತಾಯಿ ಒಗೆದ ಲಂಗವನ್ನು ಹೆಡ್‌ಮಿಸ್ ಮೇಜಿನ ಮೇಲೆ ಹರಡಿದರು. ತೂತಿನಲ್ಲಿ ನನ್ನ ಹೆಬ್ಬೆರಳು ಆಚೆ ಬರುತ್ತಿತ್ತು.

"ಹನಿ ಹಾರಿದ್ದು ನೀವು ನೋಡಿದ್ರಾ?" ಎಂದು ಹೆಡ್‌ಮಿಸ್ ಕೇಳಿದರು.

"ಇಲ್ಲ ಮೇಡಂ" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ಒಂದು ನಿಮಿಷ ನೋಡಿದರು. "ಬಟ್ಟೆ ಹಾಳಾಗ್ಲಿ ಬಿಡಿ, ಅದು ಮಗೂ ಕಣ್ಣಾಗಿದ್ರೆ?" ಎಂದರು. ಆಮೇಲೆ ಒಂದು ಕಟ್ಟಳೆ ಹಾಕಿದರು. ಇನ್ನು ಮುಂದೆ ನನ್ನ ಕ್ಲಾಸಿಗೆ ಬರುವ ಯಾವ ವಸ್ತುವೇ ಆಗಲಿ, ಮಗು ಬಾಯಿಗೆ ಹಾಕಿಕೊಂಡರೂ ಏನೂ ಆಗಬಾರದು. ನಾನು ಅದನ್ನೇ ದಪ್ಪ ಅಕ್ಷರದಲ್ಲಿ ಬರೆದು ಕ್ಲಾಸಿನ ಬಾಗಿಲಿಗೆ ಅಂಟಿಸಬೇಕಾಯಿತು. ನನ್ನ ಕೈಬರಹ ಚೆನ್ನಾಗಿತ್ತು. ಹೋಗಿ ಬರುವವರೆಲ್ಲ ಓದುತ್ತಿದ್ದರು.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಜಯನಗರದ ಒಂದು ಮನೆಯ ಮುಂಭಾಗದಲ್ಲಿ ನಾಲ್ಕನೇ ಕ್ಲಾಸಿನವರೆಗೆ ಸ್ಕೂಲು, ಹಿಂಭಾಗದಲ್ಲಿ ಹೆಡ್‌ಮಿಸ್ ಮತ್ತು ಅವರ ಅತ್ತೆಯ ಸಂಸಾರ. ಮಧ್ಯೆ ಒಂದು ಅಂಗಳ, ಅಂಗಳದಲ್ಲಿ ಒಂದು ದಾಸವಾಳದ ಗಿಡ. ನನ್ನ ಕೆಲಸ ಟೆಂಪರರಿ. ಜೂನ್‌ಗೆ ಮತ್ತೆ ಕರೆಯುತ್ತಾರೋ ಇಲ್ಲವೋ ಎನ್ನುವುದು ವರ್ಷದ ಕೊನೆಗೆ ತೀರ್ಮಾನವಾಗಬೇಕಿತ್ತು.

ಸಾರಕ್ಕಿಯ ನಮ್ಮ ಬೀದಿಯಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದ ಮೊದಲ ಹೆಣ್ಣು ನಾನು. ಗಂಡು ಹೆಣ್ಣು ಎರಡನ್ನೂ ಸೇರಿಸಿ ನಮ್ಮ ವಂಶದಲ್ಲಿ ಡಿಗ್ರಿ ತೆಗೆದುಕೊಂಡ ಮೊದಲ ಮನುಷ್ಯಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ನಮ್ಮವ್ವ ಸೊಪ್ಪಿನ ಮಂಕರಿ ತಲೆಯ ಮೇಲಿಟ್ಟು ಜಯನಗರದ ಬೀದಿಬೀದಿ ಕೂಗಿ ಓದಿಸಿದ್ದಳು. ಓದು ಮುಗಿದ ಮೇಲೂ ನೆಂಟರು "ಹೆಣ್‌ ಮಗೀಗೆ ಯಾಕಿಷ್ಟು?" ಎನ್ನುವುದನ್ನು ಬಿಟ್ಟಿರಲಿಲ್ಲ. ಕೆಲಸ ಸಿಕ್ಕಿದ ಮೇಲೆ ಬಾಯಿ ಮುಚ್ಚಿದ್ದರು. ಅದು ಹೋದರೆ ಆ ಬಾಯಿಗಳೆಲ್ಲ ಒಟ್ಟಿಗೆ ತೆರೆಯುತ್ತಿದ್ದವು. ನನಗಿದ್ದ ಭಯ ಅದು. ನನ್ನ ಬಗ್ಗೆ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಅನ್ನುತ್ತಿದ್ದುದು ಅವ್ವನನ್ನು.

ಫೆಬ್ರವರಿಯಲ್ಲಿ ನನ್ನ ಕ್ಲಾಸಿಗೆ ಗೊಣ್ಣೆ ಡಬ್ಬಿ ಬಂತು.

ಒಬ್ಬ ಹುಡುಗನ ಸೋದರಮಾವ ಹೊರದೇಶದಿಂದ ತಂದುಕೊಟ್ಟದ್ದು. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹಸಿರು ಲೋಳೆ. ಬೆರಳಿಗೆ ಬಂದರೆ ಎಳೆ ಎಳೆಯಾಗಿ ಇಳಿಯುತ್ತದೆ, ಅಂಟುವುದಿಲ್ಲ, ಉಂಡೆ ಮಾಡಿಟ್ಟರೆ ಮೆಲ್ಲಗೆ ಹರಡಿಕೊಂಡು ಮಲಗುತ್ತದೆ. ಅದಕ್ಕೆ ಏನೋ ಇಂಗ್ಲಿಷ್ ಹೆಸರಿತ್ತು. ಮಕ್ಕಳು ನೋಡಿದ ತಕ್ಷಣ ಗೊಣ್ಣೆ ಎಂದು ಕರೆದರು, ಅದೇ ನಿಂತಿತು. ರಿಸೆಸ್ಸಿನಲ್ಲಿ ಆ ಹುಡುಗ ಕಟ್ಟೆಯ ಮೇಲೆ ರಾಜನ ಹಾಗೆ ಕೂರುತ್ತಿದ್ದ. ಮಿಕ್ಕವರು ಸಾಲು ನಿಲ್ಲುತ್ತಿದ್ದರು.

"ಒಬ್ಬೊಬ್ರು ಒಂದೇ ಬೆರಳು! ಏಯ್, ನೀನು ಬೇಡ, ನೀನು ನಿನ್ನೆ ನಂಗೆ ಸೀಬೆಹಣ್ಣು ಕೊಡ್ಲಿಲ್ಲ."

ಲಂಗ ತೂತಾದ ಹುಡುಗಿಗೆ ನಾಲ್ಕು ದಿನವಾದರೂ ಬೆರಳು ಇಡಲು ಸಿಕ್ಕಲಿಲ್ಲ. ಐದನೆಯ ದಿನ ಅವಳು ಸೀದಾ ನನ್ನ ಮೇಜಿನ ಹತ್ತಿರ ಬಂದಳು.

"ಮಿಸ್, ನೀವು ಬಿ.ಎಸ್ಸಿ. ಅಲ್ವಾ?"

"ಹೌದು."

"ಹಂಗಾದ್ರೆ ನಿಮ್ಗೆ ಗೊಣ್ಣೆ ಮಾಡಕ್ಕೆ ಬರಲ್ವಾ?"

ಮೂವತ್ತು ಮಕ್ಕಳು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಯಾಕೆ ಬರಲ್ಲ? ಬರುತ್ತೆ" ಎಂದುಬಿಟ್ಟೆ. ಸಂಜೆಯೊಳಗೆ ಮಾತು ಹೆಡ್‌ಮಿಸ್‌ಗೂ ಮುಟ್ಟಿತು. ಅವರು ನಕ್ಕರು. ಮಾರ್ಚ್ ಕೊನೆಯ ಶನಿವಾರ ತಂದೆತಾಯಿಗಳು ಸ್ಕೂಲಿಗೆ ಬರುವ ದಿನವಿತ್ತು. "ಅವತ್ತೇ ಮಾಡ್ಸಿ. ಎಲ್ಲಾ ಮಕ್ಕಳ ಕೈಗೂ ಸಿಗ್ಲಿ. ಬಾಗಿಲ ಮೇಲೆ ಬರ್ದಿರೋದು ನೆನಪಿದೆ ತಾನೆ? ಅದನ್ನ ನೋಡಿಯೇ ಜೂನ್ ಮಾತಾಡೋಣ" ಎಂದರು.

ಕಾಲೇಜಿನಲ್ಲಿ ಓದಿದ್ದು ನೆನಪಿತ್ತು. ಅಂಟಿಗೆ ಬಿಳಿಗಾರದ ನೀರು ಬೆರೆಸಿದರೆ ಅದು ಹೆಪ್ಪುಗಟ್ಟಿ ಎಳೆಯುವ ಹಾಗೆ ಆಗಬಹುದು. ಅಕ್ಕಸಾಲಿಗರ ಅಂಗಡಿಯಲ್ಲಿ ಬಿಳಿಗಾರ ಸಿಗುತ್ತಿತ್ತು. ಆದರೆ ಅದು ಬಾಯಿಗೆ ಹೋಗುವಂಥದ್ದಲ್ಲ. ಆ ದಾರಿ ಅಲ್ಲಿಗೇ ಮುಚ್ಚಿತು. ಗಾಳಿಪಟಕ್ಕೆ ಕಾಯಿಸುವ ಮೈದಾ ಅಂಟನ್ನು ಮಾಡಿ ನೋಡಿದೆ. ಬೆರಳು ಬೆರಳಿಗೇ ಕಚ್ಚಿಕೊಂಡಿತು, ಮಾರನೆಯ ದಿನ ಹುಳಿ ನಾತ. ಬೆಂಡೆಕಾಯಿ ಹಿಂಡಿದೆ, ಬರೀ ನೀರು ನೀರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವ ನೋಡುತ್ತಿದ್ದಳು. "ಏನವ್ವಾ ಇದು, ಗೋಡೆಗೆ ಪೋಸ್ಟರ್ ಅಂಟ್ಸೋ ಕೆಲ್ಸ ಏನಾರ ಸಿಕ್ತಾ?"

"ಮಕ್ಕಳಿಗೆ ಗೊಣ್ಣೆ ಮಾಡಬೇಕವ್ವ."

"ಅಯ್ಯೋ, ಅವುಕ್ಕೆ ದೇವ್ರು ಮೂಗಲ್ಲೇ ಕೊಟ್ಟವ್ನಲ್ಲೇ! ಅದಕ್ಕೂ ಬಿ.ಎಸ್ಸಿ. ಓದ್ಬೇಕಾ?"

ಮುಂದಿನ ಭಾನುವಾರ ನನಗೆ ತಲೆಗೆ ನೀರು ಹಾಕಲು ಅವ್ವ ದಾಸವಾಳದ ಸೊಪ್ಪು ಕಿವುಚುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ್ದೇ. ಆದರೆ ಅವತ್ತು ಅವಳು ತಂಬಿಗೆಯಿಂದ ಕೈ ಎತ್ತಿದಾಗ ಐದೂ ಬೆರಳಿಂದ ಲೋಳೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ನಾನು ಎಣ್ಣೆ ಸುರಿಯುವ ತಲೆಯಲ್ಲೇ ಎದ್ದು ನಿಂತೆ.

"ಅವ್ವಾ, ಅಲ್ಲಾಡಿಸ್ಬೇಡ! ಹಂಗೇ ಹಿಡ್ಕೋ!"

"ಕುತ್ಕೊಳೇ, ಕಣ್ಣಿಗ್ ಎಣ್ಣೆ ಇಳೀತದೆ!"

ಲೋಳೆ ಸಿಕ್ಕಿತು, ಗಟ್ಟಿತನ ಬೇಕಿತ್ತು. ಅದೂ ಅವ್ವನ ಹತ್ತಿರವೇ ಇತ್ತು. ಸಬ್ಬಕ್ಕಿಯನ್ನು ಕುಟ್ಟಿ ಪುಡಿ ಮಾಡಿ ನೀರಲ್ಲಿ ಕಾಯಿಸಿ ಅವಳು ಬಟ್ಟೆಗೆ ಗಂಜಿ ಮಾಡುತ್ತಿದ್ದಳು. ಆ ಗಂಜಿ ಆರಿದರೆ ಗಾಜಿನಷ್ಟು ತಿಳಿಯಾಗಿ, ಎಳೆದರೆ ಎಳೆದಷ್ಟು ಬರುತ್ತಿತ್ತು. ಅದಕ್ಕೆ ಸೊಪ್ಪಿನ ಲೋಳೆ ಸೋಸಿ ಬೆರೆಸಿ, ಕೈಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡು ನಾದಿದೆ. ತಿಳಿ ಹಸಿರು ಗೊಣ್ಣೆ! ಉಂಡೆ ಮಾಡಿ ಹೊಸಿಲ ಮೇಲೆ ಇಟ್ಟೆ. ಅದು ಮೆಲ್ಲಗೆ ಹರಡಿಕೊಂಡು ಮಲಗಿತು. ಅವ್ವ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ನಾನು ಒಂದು ಚೂರು ಬಾಯಿಗೆ ಹಾಕಿ ನುಂಗಿ, ಬೆಳಗಿನವರೆಗೂ ಹೊಟ್ಟೆ ನೋಡಿಕೊಂಡೆ. ಏನೂ ಆಗಲಿಲ್ಲ.

ಶನಿವಾರ ಬಂತು. ಬೆಂಚು ಜೋಡಿಸಲು, ಚಾರ್ಟು ತೂಗುಹಾಕಲು ನಾನು ಏಳು ಗಂಟೆಗೇ ಹೊರಡಬೇಕಿತ್ತು. ಹೊರಡುವ ಮೊದಲು ಅವ್ವನಿಗೆ ಕ್ಲಾಸಿನಲ್ಲಿ ಪಾಠ ಹೇಳುವ ಹಾಗೆ ಹೇಳಿದೆ. "ನೋಡವ್ವ, ಹೊಸದೇನೂ ಮಾಡೋಕೆ ಹೋಗ್ಬೇಡ. ಪಂಚೆಗೆ ಹೆಂಗೆ ಗಂಜಿ ಮಾಡ್ತೀಯೋ, ಹಂಗೇ ಮಾಡು. ಆರಿದ ಮೇಲೆ ಸೊಪ್ಪಿನ ಲೋಳೆ ಸೇರಿಸಿ ತಗೊಂಡ್ ಬಾ."

"ಪಂಚೆಗೆ ಮಾಡಿದಂಗೆ ತಾನೆ? ನಂಗೊತ್ತಿಲ್ವಾ? ನೀನ್ ಹೋಗು."

ಹತ್ತು ಗಂಟೆಗೆ ತಂದೆತಾಯಿಗಳು ಬರುವುದು. ಒಂಬತ್ತಕ್ಕೆ ಅವ್ವ ಬಂದಳು. ಬಸ್ಸಿನಲ್ಲಿ ಚೆಲ್ಲೀತೆಂದು ಸಾರಕ್ಕಿಯಿಂದ ನಡೆದೇ ಬಂದಿದ್ದಳು, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ನಮ್ಮನೆಯ ದೊಡ್ಡ ಅಲ್ಯೂಮಿನಿಯಂ ಪಾತ್ರೆ. ಅಂಗಳದಲ್ಲಿ ಇಳಿಸಿ ಮುಚ್ಚಳ ತೆಗೆದಳು.

ಒಳಗಿದ್ದದ್ದು ತಿಳಿ ಹಸಿರಲ್ಲ. ನವಿಲಿನ ಕತ್ತಿನ ಬಣ್ಣ. ಬಿಸಿಲು ಬಿದ್ದ ಕಡೆ ನೀಲಿ, ನೆರಳಲ್ಲಿ ಹಸಿರು. ಹೊರದೇಶದ ಡಬ್ಬಿಯನ್ನು ಇದರ ಪಕ್ಕ ಇಟ್ಟರೆ ಅದೇ ನಾಚಿಕೊಳ್ಳಬೇಕು.

"ಅವ್ವ, ಇದೇನು ಬಣ್ಣ?"

"ಇನ್ನೇನು? ನೀಲಿ."

"ನೀಲಿ ಅಂದ್ರೆ?"

"ಬಟ್ಟೆಗ್ ಹಾಕೋ ನೀಲಿ ಕಣೇ. ಪಂಚೆಗೆ ಮಾಡಿದಂಗೆ ಮಾಡು ಅಂದ್ಯಲ್ಲ? ಬಿಳೀ ಪಂಚೆ ಗಂಜಿಗೆ ನೀಲಿ ಹಾಕ್ದೆ ಇರ್ತಾರಾ? ಕೈ ತಾನಾಗೇ ಡಬ್ಬಿಗ್ ಹೋಯ್ತು. ಯಾಕೆ, ಜಾಸ್ತಿ ಆಯ್ತಾ?"

ತಪ್ಪು ಅವಳದ್ದಲ್ಲ. ನಾನು ಹೇಳಿದ್ದನ್ನು ಅವಳು ಒಂದಕ್ಷರ ಬಿಡದೆ ಮಾಡಿದ್ದಳು. ಕಾಲೇಜಿನಲ್ಲಿ ಪ್ರತಿ ಪ್ರಯೋಗಕ್ಕೂ ಏನೇನು ಬೇಕು, ಎಷ್ಟೆಷ್ಟು ಬೇಕು ಎಂದು ಪಟ್ಟಿ ಬರೆದವಳು, ಮನೆಯ ಗಂಜಿಗೆ ಏನೇನು ಬೀಳುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ.

ಅಷ್ಟರಲ್ಲಿ ಹೆಡ್‌ಮಿಸ್ ಹಿಂದಿನ ಬಾಗಿಲಿಂದ ಬಂದರು. ಪಾತ್ರೆ ನೋಡಿ ಕನ್ನಡಕ ಸರಿಮಾಡಿಕೊಂಡರು. "ಏನ್ ಸಖತ್ತಾಗಿದೆ ರೀ ಬಣ್ಣ! ಇದನ್ನ ನೀವೇ ಮಾಡಿದ್ದಾ? ಪೇರೆಂಟ್ಸ್ ಬಾಯಿ ಬಿಟ್ಕೊಂಡು ನೋಡ್ತಾರೆ." ಅವರು ಹಾಗೆ ಬಾಯಿ ತುಂಬ ಹೊಗಳಿದ್ದನ್ನು ಆ ವರ್ಷ ನಾನು ಕೇಳಿದ್ದು ಅದೊಂದೇ ಸಲ.

ಒಂದು ಮಾತನ್ನೂ ಆಡದೆ ನಿಂತಿದ್ದರೆ ಸಾಕಾಗಿತ್ತು. ಆ ನೀಲಿಯಿಂದ ಏನೂ ಆಗುತ್ತಿರಲಿಲ್ಲವೇನೋ. ಆದರೆ ಅದರ ಡಬ್ಬಿಯಲ್ಲಿ ಏನೇನಿದೆ ಎಂದು ಯಾರೂ ಬರೆದಿರಲಿಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಕಿಟಕಿಯೊಳಗಿಂದ ಆ ಲಂಗದ ಹುಡುಗಿ ಆಗಲೇ ಮೂಗನ್ನು ಸರಳಿಗೆ ಒತ್ತಿ ನೋಡುತ್ತಿದ್ದಳು. ಅವಳಿಗೆ ಯಾವಾಗಲೂ ಬಾಯಲ್ಲಿ ಬೆರಳು.

"ಮೇಡಂ, ಇದನ್ನ ಮಕ್ಕಳಿಗೆ ಕೊಡೋ ಹಾಗಿಲ್ಲ" ಎಂದೆ. "ಬಟ್ಟೆಗೆ ಹಾಕೋ ನೀಲಿ ಬಿದ್ದಿದೆ. ತಪ್ಪು ನಂದೇ, ನಾನು ಸರಿಯಾಗಿ ಹೇಳ್ಲಿಲ್ಲ."

ಹೆಡ್‌ಮಿಸ್ ಮುಖ ಇಳಿಯಿತು. ಅವ್ವನ ಮುಖ ಅದಕ್ಕಿಂತ ಇಳಿಯಿತು. "ಅಷ್ಟು ದೂರದಿಂದ ಹೊತ್ಕಂಡ್ ಬಂದಿದೀನಿ ಕಣೇ. ಚೆಲ್ತೀಯಾ?" ಎಂದು ಮೆಲ್ಲಗೆ ಕೇಳಿದಳು. ಆ ದನಿ ನನಗೆ ಈಗಲೂ ಕೇಳಿಸುತ್ತದೆ.

ಗಡಿಯಾರದಲ್ಲಿ ಒಂಬತ್ತೂ ಕಾಲು. ಹೊಸದಾಗಿ ಸಬ್ಬಕ್ಕಿ ಕುಟ್ಟಿ, ಕಾಯಿಸಿ, ಆರಿಸಲು ಎಲ್ಲಿದೆ ಹೊತ್ತು? ಆಗ ಹಿಂದಿನ ಮನೆಯಿಂದ ಒಂದು ಕೂಗು ಬಂತು.

"ಯಾರದು, ಸೊಪ್ಪಿನವಳ ದನಿ ಕೇಳ್ದಂಗಾಯ್ತಲ್ಲ? ದಂಟು ಇದೆಯೇನೇ?"

ಹೆಡ್‌ಮಿಸ್ ಅತ್ತೆ. ಅವ್ವ ಹದಿನೈದು ವರ್ಷ ಆ ಬಾಗಿಲಿಗೆ ಸೊಪ್ಪು ಹಾಕಿದ್ದಳು. ಸ್ಕೂಲಿನಲ್ಲಿ ನಾನು ಅದನ್ನು ಮುಚ್ಚಿಟ್ಟೂ ಇರಲಿಲ್ಲ, ಎತ್ತಿ ಹೇಳಿಯೂ ಇರಲಿಲ್ಲ. "ಇವತ್ತು ಸೊಪ್ಪಿಲ್ಲ ಅಮ್ಮಾವ್ರೇ, ಮಗಳ ಹತ್ರ ಬಂದಿವ್ನಿ" ಎನ್ನುತ್ತಾ ಅವ್ವ ಅಡುಗೆಮನೆಯ ಬಾಗಿಲಿಗೆ ಹೋದಳು. ಅಲ್ಲೇ ನಿಂತುಬಿಟ್ಟಳು. ನನ್ನ ಕಡೆ ತಿರುಗಿ ಕಣ್ಣಲ್ಲೇ ಕರೆದಳು.

ಮಾರ್ಚ್ ತಿಂಗಳು, ಸಂಡಿಗೆ ಕಾಲ. ಅಜ್ಜಿ ಬೆಳಗ್ಗೆ ಐದಕ್ಕೇ ಎದ್ದು ಕೊಳಗದ ತುಂಬ ಸಬ್ಬಕ್ಕಿ ಸಂಡಿಗೆ ಹಿಟ್ಟು ಕಾಯಿಸಿ, ಮಾಳಿಗೆಯ ಮೇಲೆ ಸಂಡಿಗೆ ಇಡುವ ಮೊದಲು ಆರಲು ಬಿಟ್ಟಿದ್ದರು. ಗಾಜಿನ ಮಣಿ ತೇಲಿದ ಹಾಗೆ ಸಬ್ಬಕ್ಕಿ, ಸುತ್ತ ತಿಳಿ ಗಂಜಿ.

"ಅಮ್ಮಾವ್ರೇ, ಖಾರ ಹಾಕಿದ್ದೀರಾ?" ಎಂದು ಕೇಳಿದೆ.

"ಉಪ್ಪು ಹಾಕಿದೀನಿ. ಮೆಣಸಿನಕಾಯಿ ಇಗೋ, ಈಗ ರುಬ್ಬಬೇಕು. ಯಾಕೆ?"

"ರುಬ್ಬಬೇಡಿ! ಇದನ್ನ ನಂಗೆ ಕೊಡಿ."

"ಏನು? ನನ್ನ ಸಂಡಿಗೇನಾ? ಯಾಕೆ?"

"ಮಕ್ಕಳು ಆಟ ಆಡೋಕೆ."

ಅಜ್ಜಿ ಸೊಸೆಯ ಕಡೆ ನೋಡಿದರು. ಸೊಸೆ ಗೋಡೆಯ ಕಡೆ ನೋಡಿದರು. ಮಧ್ಯೆ ಅವ್ವ ಸೆರಗು ಸಿಕ್ಕಿಸಿಕೊಂಡು ನಿಂತಳು. "ಅಮ್ಮಾವ್ರೇ, ನಾಳೆ ಬೆಳಗ್ಗೆ ನಾನೇ ಬಂದು ಇದರ ಎರಡರಷ್ಟು ಕಾಯ್ಸಿ, ಮಾಳ್ಗೆ ಮೇಲೆ ಇಟ್ಟು, ಕಾಗೆ ಕಾಯ್ದು ಕೊಟ್ಟು ಹೋಗ್ತೀನಿ. ಇವತ್ತು ನನ್ ಮಗಳ ಮರ್ವಾದೆ ಉಳ್ಸಿ."

"ಕಾಗೆ ನೀನೇ ಕಾಯ್ತೀಯಾ?"

"ಸಂಜೆ ತನ್ಕ."

"ಹಾಗಾದ್ರೆ ತಗೊಂಡ್ ಹೋಗಿ" ಎಂದರು ಅಜ್ಜಿ. ಕಾಗೆ ಓಡಿಸಿ ಓಡಿಸಿ ಅವರ ಮೊಣಕಾಲು ಸೋತಿತ್ತು.

ಗೊಣ್ಣೆ ಆಯಿತು, ಬಣ್ಣ? ಅಂಗಳದ ದಾಸವಾಳದಲ್ಲಿ ಕೆಂಪು ಹೂ ತುಂಬಿತ್ತು. ಆ ಹೂ ಹೆಡ್‌ಮಿಸ್ ಪೂಜೆಗೆ ಮೀಸಲು, ಮುಟ್ಟಿದ ಮಕ್ಕಳು ಮೂಲೆಗೆ ಮುಖ ಮಾಡಿ ನಿಂತದ್ದುಂಟು. ನಾನು ಬಾಯಿಬಿಟ್ಟು ಕೇಳಿದೆ. ಅವರು ದೇವರ ಮುಂದಿಟ್ಟಿದ್ದ ಹೂವನ್ನು ಬಿಟ್ಟು ಗಿಡದಲ್ಲಿದ್ದ ಅಷ್ಟನ್ನೂ ಕಿತ್ತುಕೊಟ್ಟರು. ಎಸಳನ್ನು ಬಿಸಿನೀರಿಗೆ ಹಾಕಿದೆ. ಅವ್ವ ಸೋಸಿದಳು. ನೇರಳೆ ಹಣ್ಣಿನ ಬಣ್ಣದ, ಮುಟ್ಟಿದರೆ ಜಾರುವ ಲೋಳೆ ನೀರು. ಅದನ್ನು ಹಿಟ್ಟಿಗೆ ಬೆರೆಸಿ, ಹೆಡ್‌ಮಿಸ್ ಮನೆಯ ತಟ್ಟೆಗಳಲ್ಲೆಲ್ಲ ಹರಡಿ ಫ್ಯಾನಿನ ಕೆಳಗೆ ಆರಿಸಿದೆವು. ಮೊದಲು ನನ್ನ ಮೊಣಕೈಗೆ ಮುಟ್ಟಿಸಿ, ಬಿಸಿ ಇಲ್ಲವೆಂದು ನೋಡಿಕೊಂಡು, ಆಮೇಲೆ ಒಂದೊಂದು ಮುಷ್ಟಿ ಮಕ್ಕಳ ಕೈಗೆ ಕೊಟ್ಟೆವು.

"ಮಿಸ್, ಕಪ್ಪೆ ಮೊಟ್ಟೆ!" ಎಂದು ಒಬ್ಬ ಕಿರುಚಿದ.

"ಕಪ್ಪೆ ಗೊಣ್ಣೆ!" ಎಂದಳು ಲಂಗದ ಹುಡುಗಿ. ಅದೇ ನಿಂತಿತು.

ಹತ್ತಕ್ಕೆ ಬಂದ ತಂದೆತಾಯಿಗಳು ಬಾಗಿಲಲ್ಲೇ ನಿಂತು ನೋಡಿದರು. ನಾನು ನಿಂಬೆಹಣ್ಣು ಹಿಡಿದುಕೊಂಡು ಬೆಂಚುಗಳ ನಡುವೆ ಹೊರಟೆ. ಹೌದು, ನಿಂಬೆಹಣ್ಣೇ. ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಬ್ಬೊಬ್ಬರ ಕೈಯ ಗೊಣ್ಣೆಗೂ ಎರಡೆರಡು ಹನಿ ಬಿಟ್ಟೆ. ಕಣ್ಣು ಬಿಟ್ಟು ನಾದುತ್ತಿದ್ದಂತೆ ನೇರಳೆ ಹೋಗಿ ಗುಲಾಬಿ ಉಕ್ಕಿತು. ಹಿಂದಿನ ಸಾಲಿನವರಿಗೆ ನಿಂಬೆಯ ಬದಲು ಒಂದು ಚಿಟಿಕೆ ಅಡುಗೆ ಸೋಡ. ಅವರದ್ದು ಹಸಿರಾಯಿತು. ಒಂದೇ ಹೂ, ಹುಳಿಗೊಂದು ಬಣ್ಣ, ಸೋಡಕ್ಕೊಂದು ಬಣ್ಣ. ಇದು ಅವ್ವನಿಗೆ ಗೊತ್ತಿರಲಿಲ್ಲ, ನಾನು ಕಾಲೇಜಿನಲ್ಲಿ ಕಲಿತದ್ದು. ಅವಳು ನೆಲದ ಮೇಲೆ ಕೂತು ತನ್ನ ಮುಷ್ಟಿಯನ್ನೂ ಮುಂದೆ ಚಾಚಿದಳು.

"ನಂಗೂ ನಿಂಬೆಹಣ್ಣು ಹಿಂಡೇ."

"ಕಣ್ಮುಚ್ಚು ಮತ್ತೆ."

ಮುಚ್ಚಿದಳು. ಬಿಟ್ಟು ನೋಡಿ, ಪಕ್ಕದಲ್ಲಿ ನಿಂತಿದ್ದ ಯಾರೋ ಒಬ್ಬರ ತಂದೆಗೆ ಅಂಗೈ ತೋರಿಸಿ, "ಬಿ.ಎಸ್ಸಿ. ಸ್ವಾಮಿ. ನನ್ ಮಗಳು" ಎಂದಳು.

ಹೊರದೇಶದ ಡಬ್ಬಿಯ ಹುಡುಗ ತನ್ನ ಡಬ್ಬಿಯನ್ನು ಮರೆತು, ಲಂಗದ ಹುಡುಗಿಯ ಮುಂದೆ ಸಾಲು ನಿಂತಿದ್ದ. ಅವನಿಗೆ ಸೋಡದ ಹಸಿರು ಬಂದಿತ್ತು, ಗುಲಾಬಿ ಬೇಕಿತ್ತು. ಅವಳು, "ಒಂದೇ ಬೆರಳು" ಎಂದಳು. ಆಮೇಲೆ ಏನನ್ನಿಸಿತೋ, ಅರ್ಧ ಹರಿದು ಕೊಟ್ಟಳು.

ಹೆಡ್‌ಮಿಸ್ ಮಾತ್ರ ನಗದೆ ಒಂದು ಬೆಂಚಿನ ಹತ್ತಿರ ಬಂದರು. ಎಲ್ಲರೂ ನೋಡುತ್ತಿರುವಂತೆ, ಒಂದು ಮಗುವಿನ ಕೈಯಿಂದ ಕಡಲೆಕಾಳಿನಷ್ಟು ಕಿತ್ತು ಬಾಯಿಗೆ ಹಾಕಿಕೊಂಡರು. ಅವರು ಅಗಿದರು, ನುಂಗಿದರು.

"ಅತ್ತೆ, ಉಪ್ಪು ಸ್ವಲ್ಪ ಜಾಸ್ತಿ" ಎಂದರು.

"ಸಂಡಿಗೆ ಕರಿದ ಮೇಲೆ ಸರಿಹೋಗುತ್ತೆ!" ಎಂದು ಅಜ್ಜಿ ಹಿಂದಿನಿಂದ ಸಿಡುಕಿದರು.

ಎಲ್ಲರೂ ಹೋದ ಮೇಲೆ ಹೆಡ್‌ಮಿಸ್ ನನ್ನನ್ನು ಅಂಗಳಕ್ಕೆ ಕರೆದರು. ಹೂವಿಲ್ಲದ ದಾಸವಾಳದ ಪಕ್ಕ ಆ ನವಿಲು ಬಣ್ಣದ ಪಾತ್ರೆ ಹಾಗೇ ಇತ್ತು.

"ಆವತ್ತು ಹನಿ ಹಾರಿದ್ದು ನೀವು ನೋಡಿದ್ರಿ, ಅಲ್ವಾ?"

"ನೋಡಿದ್ದೆ ಮೇಡಂ."

"ನಂಗೂ ಗೊತ್ತಿತ್ತು." ಅವರು ಪಾತ್ರೆಯ ಕಡೆ ನೋಡಿದರು. "ಇದನ್ನ ನೀವು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ. ಜೂನ್‌ಗೆ ಬನ್ನಿ. ಒಂದನೇ ಕ್ಲಾಸು ನಿಮ್ದೇ. ಆಸಿಡ್ ಮಾತ್ರ ಬೇಡ."

ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅವ್ವ ಕ್ಲಾಸಿನ ಕಿಟಕಿಗಳ ಬಿಳಿ ಪರದೆಗಳನ್ನೆಲ್ಲ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಬರುತ್ತಿದ್ದಳು. ಯಾರನ್ನೂ ಕೇಳಿರಲಿಲ್ಲ. ಪಾತ್ರೆಗೆ ನೀರು ಸುರಿದು, ಗಂಜಿ ತೆಳ್ಳಗೆ ಮಾಡಿ, ಒಂದೊಂದಾಗಿ ಅದ್ದಿ ಹಿಂಡತೊಡಗಿದಳು.

"ಇದೇನಮ್ಮ ಮಾಡ್ತಿದೀರಾ?" ಎಂದರು ಹೆಡ್‌ಮಿಸ್.

"ಗಂಜಿ ಚೆಲ್ಬಾರ್ದು ಮೇಡಂನೋರೇ. ಅಷ್ಟು ದೂರದಿಂದ ಹೊತ್ಕಂಡ್ ಬಂದಿದ್ದು."

ಜೂನ್‌ನಲ್ಲಿ ನಾನು ಬಾಗಿಲು ತೆಗೆದಾಗ ಪರದೆಗಳು ಹಪ್ಪಳದ ಹಾಗೆ ಗರಿಗರಿಯಾಗಿ ನಿಂತಿದ್ದವು. ಗಾಳಿ ಬೀಸಿದರೆ ಅಲ್ಲಾಡುವ ಬದಲು ಬಡಿದುಕೊಳ್ಳುತ್ತಿದ್ದವು. ನೀಲಿ ಜಾಸ್ತಿ ಬಿದ್ದ ಕಡೆ ನವಿಲಿನ ಬಣ್ಣ ಉಳಿದಿತ್ತು. ಹೊಸ ಮಕ್ಕಳು ಬಂದ ಮೊದಲ ದಿನ ಬಿಸಿಲು ಅದರ ಮೂಲಕ ಬಂದು, ಮೂವತ್ತು ಹೊಸ ಸ್ಲೇಟುಗಳ ಮೇಲೆ ತಿಳಿ ನೀಲಿಯಾಗಿ ಬಿದ್ದಿತ್ತು.